ನೀರು ಸೋಸುವ ನಾರು

ಬೇಸಗೆಯಲ್ಲಿ ಹೊಸಪೇಟೆಯಿಂದ ತೋರಣಗಲ್ಲಿನ ಕಡೆಗೆ ಹೊರಟವರು, ಪಾಪಿನಾಯಕನಹಳ್ಳಿ ಹತ್ತಿರವಾದಂತೆ ದಾರಿಬದಿಯ ಗಿಡಮರಗಳನ್ನು ಗಮನಿಸಿರಬಹುದು. ಬೇವು ಬೇವಿನ ಬಣ್ಣದಲ್ಲಿರುವುದಿಲ್ಲ, ಜಾಲಿ ಜಾಲಿಯ ಬಣ್ಣದಲ್ಲಿರುವುದಿಲ್ಲ. ಅದಿರಿನ ಕೆಂಧೂಳು ಎಲೆ ಎಲೆಯನ್ನೂ ಹೊದ್ದು ಕುಳಿತಿರುತ್ತದೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಪಡಸಾಲೆಯ ಮೂಲೆಯಲ್ಲಿದ್ದ ಕೊಡದ ಬಾಯಿಗೆ ಹಳೆಯ ಹತ್ತಿಸೀರೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದ್ದರು. ಮನೆಯ ಹಿರಿಯಾಕೆ ಅದನ್ನು ಬಿಚ್ಚಿ ನನಗೆ ತೋರಿಸಿದರು. ಬಟ್ಟೆಯ ನಡುವೆ ಕುಂಕುಮದ ಬೊಟ್ಟಿನಂಥ ಕೆಂಪು ವೃತ್ತ. "ನೋಡ್ರಿ ಸರ, ಇಷ್ಟು ಧೂಳು ಬಟ್ಟ್ಯಾಗ ನಿಂತೈತಿ. ಇನ್ನ ಒಳಗಿನ ನೀರು ಚೊಕ್ಕ ಆದಂಗ ಅಲ್ಲೇನ್ರಿ?" ಎಂದರು. ಹೌದೆಂದು ತಲೆಯಾಡಿಸಿ ನೀರು ಕುಡಿದು ಬಂದೆ.

ದಾರಿಯಲ್ಲಿ ಯೋಚಿಸಿದಾಗ ನನ್ನ ಉತ್ತರ ಅರ್ಧಸತ್ಯವೆನಿಸಿತು. ಬಟ್ಟೆಯಲ್ಲಿ ನಿಂತದ್ದು ಕಣ್ಣಿಗೆ ಕಾಣುವ ಕೊಳೆ. ನೀರಿನಲ್ಲಿ ಕರಗಿ ನೀರೇ ಆಗಿ ಹೋದುದರ ಮಾತೇನು? ಒಂದು ಚಿಟಿಕೆ ಉಪ್ಪನ್ನು ನೀರಿನಲ್ಲಿ ಕದಡಿ, ಎಷ್ಟೇ ಮಡಿಕೆಯ ಬಟ್ಟೆಯಲ್ಲಿ ಸೋಸಿದರೂ ಉಪ್ಪು ನೀರಿನ ಕೈಬಿಡುವುದಿಲ್ಲ. ಸೋಸುವುದು ಬೇರೆ, ಬೆರೆತುದನ್ನು ಬಿಡಿಸುವುದು ಬೇರೆ. ಈ ಎರಡನೆಯ ಕೆಲಸವನ್ನು ಮನುಷ್ಯ ಕಲಿತದ್ದು ತೀರ ಈಚೆಗೆ. ಸೋಜಿಗದ ಸಂಗತಿಯೆಂದರೆ, ಅದನ್ನು ಕಲಿಸಿದುದು ಆ ಹಿರಿಯಾಕೆಯ ಸೀರೆಯ ತುಂಡಿನಲ್ಲಿದ್ದ ನಾರೇ. ಹತ್ತಿಯ ಬಟ್ಟೆ, ಮರದ ತುಂಡು, ಕಾಗದದಂಥ ತೆಳು ಹಾಳೆ, ಅದಕ್ಕಿಂತಲೂ ಸೂಕ್ಷ್ಮವಾದ ಒಂದು ಪೊರೆ: ಇವು ನಾಲ್ಕೂ ಒಂದೇ ನಾರಿನಿಂದಾದ ನಾಲ್ಕು ಜರಡಿಗಳು. ಈ ನಾಲ್ಕರ ಕಥೆಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ನಾನು ವಿಜ್ಞಾನಿಯಲ್ಲ, ಕನ್ನಡದ ಮೇಷ್ಟರು. ಆದರೆ ನೀರು ಕುಡಿಯುವವರೆಲ್ಲರಿಗೂ ಈ ವಿಷಯದಲ್ಲಿ ಮಾತಾಡುವ ಹಕ್ಕುಂಟೆಂದು ಭಾವಿಸಿದ್ದೇನೆ.

ಆ ನಾರಿಗೆ ಸೆಲ್ಯುಲೋಸ್ ಎಂದು ಹೆಸರು. 1838ರಲ್ಲಿ ಫ್ರಾನ್ಸಿನ ಆನ್‌ಸೆಲ್ಮ್ ಪಾಯೆನ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಸಸ್ಯಗಳಿಂದ ಬೇರ್ಪಡಿಸಿ ಗುರುತಿಸಿದ. ಗಿಡದ ಪ್ರತಿಯೊಂದು ಜೀವಕೋಶದ ಸುತ್ತಲಿನ ಗೋಡೆ ಇದರಿಂದಲೇ ಕಟ್ಟಿದ್ದು. ಗ್ಲೂಕೋಸ್ ಎಂಬ ಸಕ್ಕರೆಯ ಸಾವಿರಾರು ಅಣುಗಳು ಮಣಿಗಳಂತೆ ಪೋಣಿಸಿಕೊಂಡು ಒಂದು ಸರವಾಗುತ್ತವೆ. ಸರಗಳು ಒಂದರ ಪಕ್ಕಕ್ಕೊಂದು ಒತ್ತಿ ಎಳೆಯಾಗುತ್ತವೆ. ನೀರನ್ನು ಬಹಳವಾಗಿ ಪ್ರೀತಿಸುವ ವಸ್ತುವಾದರೂ ನೀರಿನಲ್ಲಿ ಕರಗದು. ಮೈ ಒದ್ದೆಯಾಗುತ್ತದೆ, ಉಬ್ಬುತ್ತದೆ, ಆದರೆ ತನ್ನತನವನ್ನು ಬಿಟ್ಟುಕೊಡುವುದಿಲ್ಲ. ಜರಡಿಯಾಗುವ ಯೋಗ್ಯತೆ ಅದಕ್ಕೆ ಬಂದುದು ಈ ಗುಣದಿಂದ. ಬಳ್ಳಾರಿ ಸೀಮೆಯ ಹತ್ತಿಯಲ್ಲಿ ಇರುವುದು ಬಹುಪಾಲು ಇದೇ. ಮರದಲ್ಲಿ ಸುಮಾರು ಅರ್ಧಭಾಗ.

ಮೊದಲನೆಯ ಜರಡಿ ಬಟ್ಟೆ. ಇದನ್ನು ಹಳಬರ ಗೊಡ್ಡು ಸಂಪ್ರದಾಯವೆಂದು ಯಾರೂ ಹಗುರವಾಗಿ ಕಾಣಬೇಕಾದುದಿಲ್ಲ. ನನ್ನ ವಯಸ್ಸಿನವರಿಗೆ ನಾರುಹುಣ್ಣಿನ ನೆನಪಿರಬಹುದು. ಮೆಟ್ಟಿಲುಬಾವಿಯ ನೀರಿನಲ್ಲಿರುವ ಸೈಕ್ಲೋಪ್ಸ್ ಎಂಬ ಅತಿ ಸಣ್ಣ ಜೀವಿಯ ಹೊಟ್ಟೆಯಲ್ಲಿ ಆ ಹುಳುವಿನ ಮರಿ ಅಡಗಿರುತ್ತಿತ್ತು. ಆ ನೀರು ಕುಡಿದವನ ಕಾಲಿನಿಂದ, ಸುಮಾರು ಒಂದು ವರ್ಷದ ಮೇಲೆ, ದಾರದಂಥ ಉದ್ದ ಹುಳು ಹೊರಬರುತ್ತಿತ್ತು. ಕರ್ನಾಟಕವೂ ಸೇರಿದಂತೆ ನಮ್ಮ ದೇಶದ ಹಲವು ರಾಜ್ಯಗಳು ಇದರಿಂದ ನರಳಿದುವು. ಅದಕ್ಕೆ ಲಸಿಕೆಯಿರಲಿಲ್ಲ, ಔಷಧಿಯೂ ಇರಲಿಲ್ಲ. ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳಾಗಿ ಮಾಡಿದುದು, ಮನೆಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸುವಂತೆ ಹೇಳಿಕೊಟ್ಟದ್ದು, ಇಂಥ ಸರಳ ಉಪಾಯಗಳಿಂದಲೇ ಆ ಪೀಡೆ ತೊಲಗಿತು. ಭಾರತದಲ್ಲಿ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ಅದರಿಂದ ಮುಕ್ತವೆಂದು ಸಾರಿತು. ನಾರುಹುಣ್ಣನ್ನು ನಾರೇ ತಡೆಯಿತು ಎನ್ನಬಹುದು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನದ ಫಲ 2003ರಲ್ಲಿ ಪ್ರಕಟವಾಯಿತು. ಹಳೆಯ ಹತ್ತಿಸೀರೆಯನ್ನು ಹಲವು ಪದರವಾಗಿ ಮಡಿಚಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿದಿತ್ತು. ಸೀರೆ ಹಳೆಯದಾದಷ್ಟೂ ಒಳ್ಳೆಯದಂತೆ. ಒಗೆದು ಒಗೆದು ನೂಲು ಬಿರಿದು ಮೃದುವಾಗಿ, ಎಳೆಗಳ ನಡುವಣ ಸಂದು ಕಿರಿದಾಗಿರುತ್ತದೆ. ಹರಿದ ಸೀರೆಯನ್ನು ಎಸೆಯದೆ ಎತ್ತಿಡುತ್ತಿದ್ದ ನಮ್ಮಜ್ಜಿಗೆ ಈ ಮಾತು ಕೇಳಿಸಬೇಕಿತ್ತು.

ಎರಡನೆಯ ಜರಡಿ ಮರ. ಬೇರಿನಿಂದ ತುದಿಯೆಲೆಯವರೆಗೆ ನೀರನ್ನು ಏರಿಸಲು ಮರದೊಳಗೆ ಸಾವಿರಾರು ಕಿರುನಾಳಗಳಿವೆ. ಪೈನ್ ಜಾತಿಯ ಮರಗಳಲ್ಲಿ ಒಂದು ನಾಳಕ್ಕೂ ಇನ್ನೊಂದಕ್ಕೂ ನಡುವೆ ಕಿಂಡಿಗಳುಂಟು; ಆ ಕಿಂಡಿಗಳಿಗೆ ಜಾಲರಿಯಂಥ ತೆಳುಪೊರೆಯುಂಟು. ನಾಳದೊಳಗೆ ಗಾಳಿಯ ಗುಳ್ಳೆ ನುಗ್ಗಿ ನೀರಿನ ಎಳೆ ಕಡಿದುಹೋಗದಿರಲೆಂದು ಮರ ಮಾಡಿಕೊಂಡ ಏರ್ಪಾಡಿದು. 2014ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಪೈನ್ ಕೊಂಬೆಯ ಒಂದು ಸಣ್ಣ ತುಂಡಿನ ಮೂಲಕ ನೀರನ್ನು ಹಾಯಿಸಿದರು. ನೀರಿನಲ್ಲಿದ್ದ ಬ್ಯಾಕ್ಟೀರಿಯಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಅದರಲ್ಲಿ ನಿಂತುವು. ಬಟ್ಟೆಯ ಸಂದಿನಲ್ಲಿ ಸಲೀಸಾಗಿ ನುಸುಳುವ ಒಂಟಿ ಬ್ಯಾಕ್ಟೀರಿಯ ಮರದ ಜಾಲರಿಯಲ್ಲಿ ಸಿಕ್ಕಿಬಿದ್ದಿತು. ಆದರೆ ಕರಗಿದ ಉಪ್ಪನ್ನು ಮಾತ್ರ ಈ ಮರವೂ ತಡೆಯಲಾರದು. ಕರಗಿದ ವಸ್ತುವಿನ ಅಳತೆ ಬ್ಯಾಕ್ಟೀರಿಯದ ಅಳತೆಯ ಸಾವಿರದಲ್ಲೊಂದು ಪಾಲು. ಆನೆಯನ್ನು ತಡೆಯುವ ಬೇಲಿಯಲ್ಲಿ ಇರುವೆ ನುಸುಳಿದಂತೆ.

ಮೂರನೆಯ ಜರಡಿಯಿಂದಲೇ ನಿಜವಾದ ಬಿಡಿಸುವಿಕೆ ಆರಂಭ. ಸ್ಕಾಟ್ಲೆಂಡಿನವನಾದ ಥಾಮಸ್ ಗ್ರಹಾಂ 1861ರಲ್ಲಿ ಒಂದು ಪ್ರಯೋಗವನ್ನು ವಿವರಿಸಿದ. ಸಾಮಾನ್ಯ ಕಾಗದವನ್ನು ಗಂಧಕಾಮ್ಲದಲ್ಲಿ ಕ್ಷಣಕಾಲ ಅದ್ದಿ ತೊಳೆದರೆ ಅದರ ನಾರುಗಳು ಉಬ್ಬಿ ಒಂದರೊಳಗೊಂದು ಬೆಸೆದು ಚರ್ಮದಂಥ ಬಿಗಿಯಾದ ಹಾಳೆಯಾಗುತ್ತದೆ. ಗ್ರಹಾಂ ಅದನ್ನು ಒಂದು ಬಳೆಗೆ ಬಿಗಿದು ತಮಟೆಯಂತೆ ಮಾಡಿ, ಅದರೊಳಗೆ ಬೆರಕೆ ದ್ರವವನ್ನು ಸುರಿದು, ನೀರಿನ ಮೇಲೆ ತೇಲಬಿಟ್ಟ. ಉಪ್ಪು ಸಕ್ಕರೆಗಳಂಥ ಸಣ್ಣ ಅಣುಗಳು ಹಾಳೆಯನ್ನು ದಾಟಿ ಕೆಳಗಿನ ನೀರಿಗೆ ಇಳಿದುವು. ಅಂಟು, ಮೊಟ್ಟೆಯ ಬಿಳಿಯಂಥ ದೊಡ್ಡ ಅಣುಗಳು ಮೇಲೆಯೇ ಉಳಿದುವು. ಈ ಬಿಡಿಸುವಿಕೆಗೆ ಅವನು ಡಯಾಲಿಸಿಸ್ ಎಂದು ಹೆಸರಿಟ್ಟ. ಇಂದು ನಮ್ಮ ಊರುಗಳಲ್ಲಿ ಈ ಹೆಸರು ಕೇಳಿದೊಡನೆ ಮನೆಯವರ ಮುಖ ಕಂಗೆಡುತ್ತದೆ. ಅದು ಹುಟ್ಟಿದುದು ಆಸ್ಪತ್ರೆಯಲ್ಲಲ್ಲ, ಒಂದು ಕಾಗದದ ತಮಟೆಯ ಮೇಲೆ.

ಆಸ್ಪತ್ರೆಗೆ ಅದು ಬಂದುದು ಎಂಬತ್ತು ವರ್ಷಗಳ ಅನಂತರ. ಆ ವೇಳೆಗೆ ಮರದ ತಿರುಳನ್ನು ಕ್ಷಾರದಲ್ಲಿ ಕರಗಿಸಿ, ಮತ್ತೆ ಆಮ್ಲದಲ್ಲಿ ಹೆಪ್ಪುಗಟ್ಟಿಸಿ ಗಾಜಿನಂತೆ ಪಾರದರ್ಶಕವಾದ ಸೆಲೋಫೇನ್ ಹಾಳೆಯನ್ನು ಮಾಡುವುದು ಬಳಕೆಗೆ ಬಂದಿತ್ತು. ಮಿಠಾಯಿ ಸುತ್ತುವ ಹಾಳೆ, ಮಾಂಸ ತುಂಬುವ ಕೊಳವೆ ಅದರಿಂದಾಗುತ್ತಿದ್ದುವು. ಜರ್ಮನರ ವಶವಾಗಿದ್ದ ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯ 1943ರಲ್ಲಿ ಅದೇ ಮಾಂಸದ ಕೊಳವೆಯನ್ನು ಉರುಳೆಯೊಂದಕ್ಕೆ ಸುತ್ತಿ, ಅದನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸುತ್ತ, ರೋಗಿಯ ರಕ್ತವನ್ನು ಅದರೊಳಗೆ ಹರಿಸಿದ. ರಕ್ತದಲ್ಲಿ ತುಂಬಿಕೊಂಡಿದ್ದ ಯೂರಿಯ ಪೊರೆಯನ್ನು ದಾಟಿ ಹೊರಕ್ಕೆ ಹೋಯಿತು. ರಕ್ತಕಣಗಳೂ ಪ್ರೋಟೀನುಗಳೂ ಒಳಗೇ ಉಳಿದುವು. ಮೊದಮೊದಲ ರೋಗಿಗಳಲ್ಲಿ ಹೆಚ್ಚಿನವರು ಬದುಕಲಿಲ್ಲ. 1945ರಲ್ಲಿ, ಎಚ್ಚರ ತಪ್ಪಿ ಮಲಗಿದ್ದ ಅರುವತ್ತೇಳು ವರ್ಷದ ಹೆಂಗಸೊಬ್ಬಳು ಕಣ್ಣು ತೆರೆದಳು. ಕೆಟ್ಟುಹೋದ ಮೂತ್ರಪಿಂಡದ ಕೆಲಸವನ್ನು ಕೆಲವು ಗಂಟೆಗಳ ಕಾಲ ಒಂದು ಮರದ ನಾರು ಮಾಡಿ ಮುಗಿಸಿತ್ತು. ಮುಂದೆ ಹಲವು ದಶಕ ಲೋಕದ ಡಯಾಲಿಸಿಸ್ ಯಂತ್ರಗಳಲ್ಲಿ ಹೆಚ್ಚಾಗಿ ಸೆಲ್ಯುಲೋಸಿನ ಪೊರೆಗಳೇ ಇದ್ದುವು.

ನಾಲ್ಕನೆಯ ಜರಡಿಗೆ ಬರುವ ಮೊದಲು ಒಂದು ಮಾತಿನ ಅರ್ಥ ಬಿಡಿಸಬೇಕು. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಟ್ಟರೆ ಉಬ್ಬುತ್ತದೆ. ಮಾವಿನಕಾಯಿಯ ಹೋಳಿಗೆ ಉಪ್ಪು ಬೆರೆಸಿದರೆ ನೀರೂರುತ್ತದೆ. ಪೊರೆಯೊಂದು ನಡುವೆ ಇದ್ದರೆ ನೀರು ತಿಳಿಯಾದ ಕಡೆಯಿಂದ ಉಪ್ಪು, ಸಕ್ಕರೆ ದಟ್ಟವಾಗಿರುವ ಕಡೆಗೆ ತಾನಾಗಿ ನಡೆಯುತ್ತದೆ. ಇದನ್ನು ಕನ್ನಡದ ವಿಜ್ಞಾನ ಪುಸ್ತಕಗಳು ಅಭಿಸರಣವೆಂದು ಕರೆದಿವೆ. ಈ ಮಾತನ್ನು ಆಯ್ದವರು ಯಾರೋ ಕಾವ್ಯ ಓದಿದವರೇ ಇರಬೇಕು. ಕತ್ತಲೆ ಮಳೆಗಳನ್ನು ಲೆಕ್ಕಿಸದೆ ನಲ್ಲನಿದ್ದಲ್ಲಿಗೆ ನಡೆದು ಹೋಗುವ ನಾಯಿಕೆಯನ್ನು ನಮ್ಮ ಆಲಂಕಾರಿಕರು ಅಭಿಸಾರಿಕೆ ಎಂದರು. ಉಪ್ಪಿದ್ದಲ್ಲಿಗೆ ಹೊರಟ ನೀರೂ ಒಬ್ಬ ಅಭಿಸಾರಿಕೆಯೇ. ಅವಳನ್ನು ತಡೆದು, ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸಬೇಕಾದರೆ ಬಲಪ್ರಯೋಗವೇ ಬೇಕು. ಸಮುದ್ರದ ನೀರಿನ ಮಟ್ಟಿಗೆ ಆ ಬಲ ವಾತಾವರಣದ ಒತ್ತಡದ ಇಪ್ಪತ್ತೇಳರಷ್ಟನ್ನು ಮೀರಬೇಕು. ಹಾಗೆ ಒತ್ತಿದಾಗ ನೀರು ಉಪ್ಪನ್ನು ಬಿಟ್ಟು ಪೊರೆಯ ಈಚೆಗೆ ಬರುತ್ತದೆ. ಇದು ವಿಲೋಮ ಅಭಿಸರಣ, ಜನ ಆರ್.ಓ. ಎನ್ನುವುದು ಇದನ್ನೇ.

ಒತ್ತಡವೇನೋ ಪಂಪಿನಿಂದ ಬರುತ್ತದೆ, ಆದರೆ ಉಪ್ಪನ್ನು ತಡೆಯುವ ಪೊರೆ ಎಲ್ಲಿಂದ ಬರಬೇಕು? ಗ್ರಹಾಮನ ಕಾಗದ ಉಪ್ಪನ್ನು ಬಿಟ್ಟುಬಿಡುತ್ತಿತ್ತು. ಹತ್ತಿಯನ್ನು ಗಿರಣಿಯಲ್ಲಿ ಬಿಡಿಸಿದ ಮೇಲೆ ಬೀಜಕ್ಕೆ ಅಂಟಿ ಉಳಿಯುವ ಕಿರುನಾರನ್ನು ವಿನೆಗರಿನ ಹುಳಿಗೆ ಸಂಬಂಧಪಟ್ಟ ರಾಸಾಯನಿಕದೊಡನೆ ಕೂಡಿಸಿದರೆ ಸೆಲ್ಯುಲೋಸ್ ಅಸಿಟೇಟ್ ಎಂಬ ವಸ್ತುವಾಗುತ್ತದೆ. ಅದರ ಹಾಳೆ ಉಪ್ಪನ್ನು ತಡೆಯುತ್ತದೆಂದು 1950ರ ದಶಕದಲ್ಲಿ ಫ್ಲಾರಿಡಾದ ವಿಜ್ಞಾನಿಗಳು ಕಂಡರು. ಆದರೆ ನೀರು ಬಹಳ ನಿಧಾನವಾಗಿ ತೊಟ್ಟಿಕ್ಕುತ್ತಿತ್ತು. ಹಾಳೆ ತೆಳುವಾದರೆ ಒತ್ತಡಕ್ಕೆ ಹರಿಯುವುದು, ದಪ್ಪವಾದರೆ ನೀರು ಬಾರದು. ಈ ಇಕ್ಕಟ್ಟನ್ನು 1960ರ ಸುಮಾರಿಗೆ ಬಿಡಿಸಿದವರು ಲಾಸ್ ಏಂಜಲಿಸಿನಲ್ಲಿದ್ದ ಸಿಡ್ನಿ ಲೋಬ್, ಮತ್ತು ನಮ್ಮ ದೇಶದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್. ಅಸಿಟೇಟಿನ ದ್ರಾವಣವನ್ನು ಗಾಜಿನ ಮೇಲೆ ಹರಡಿ, ಮಂಜಿನಷ್ಟು ತಣ್ಣಗಿನ ನೀರಿನಲ್ಲಿ ಮುಳುಗಿಸಿ, ಬಳಿಕ ಬಿಸಿನೀರಿನಲ್ಲಿ ಹದಮಾಡಿದರು. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಹಾಳೆಯ ಒಂದು ಮೈಯಲ್ಲಿ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ತೆಳುವಾದ ಬಿಗಿಪೊರೆ ಕಟ್ಟಿತು. ಅದರ ಕೆಳಗಿನ ಭಾಗ ಸ್ಪಂಜಿನಂತೆ ಸಡಿಲವಾಗಿ ಉಳಿಯಿತು. ಉಪ್ಪನ್ನು ತಡೆಯುವುದು ಕೆನೆ, ಒತ್ತಡವನ್ನು ತಾಳುವುದು ಸ್ಪಂಜು. ಉಪ್ಪು ಹಿಂದಿನಂತೆಯೇ ತಡೆಯಿತು, ನೀರು ಮಾತ್ರ ಹತ್ತುಪಟ್ಟಿನಷ್ಟು ಬಂದಿತು. 1965ರಲ್ಲಿ ಕ್ಯಾಲಿಫೋರ್ನಿಯದ ಕೋಲಿಂಗ ಎಂಬ ಊರಿನ ಜನ ಇಂಥ ಪೊರೆಯಿಂದ ಬಂದ ನೀರನ್ನು ಕುಡಿದರು. ನಮ್ಮಲ್ಲಿಯೂ ಗುಜರಾತಿನ ಭಾವನಗರದ ಕೇಂದ್ರ ಲವಣ ಸಂಶೋಧನಾ ಸಂಸ್ಥೆ ಈ ವಿದ್ಯೆಯನ್ನು ಬೆಳೆಸಿತು.

ಈ ಕೆನೆಯಲ್ಲಿ ಕಾಣುವಂಥ ತೂತುಗಳಿಲ್ಲ. ನೀರಿನ ಅಣು ಪೊರೆಯ ಮೈಯೊಳಗೇ ಬೆರೆತು, ಸರಗಳ ನಡುವೆ ದಾರಿ ಮಾಡಿಕೊಂಡು, ಈಚೆಗೆ ಹೊರಬರುತ್ತದೆ. ಉಪ್ಪಿಗೆ ಆ ಮೈಯೊಳಗೆ ಬೆರೆಯಲು ಬಾರದು. ಇಲ್ಲಿ ಅಳತೆಗಿಂತ ಸ್ವಭಾವವೇ ಮುಖ್ಯ. ಕನ್ನಡದ 'ಪೊರೆ' ಎಂಬ ಮಾತಿಗೆ ತೆಳುವಾದ ಪದರವೆಂಬ ಅರ್ಥವೂ ಇದೆ, ಕಾಪಾಡು, ಸಲಹು ಎಂಬ ಅರ್ಥವೂ ಇದೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ತಿಳಿದ ಪದರವೇ ಪೊರೆಯಬಲ್ಲುದು.

ನಿಜ ಹೇಳಬೇಕೆಂದರೆ ಇಂದು ಹಳ್ಳಿಹಳ್ಳಿಯ ನೀರಿನ ಘಟಕಗಳಲ್ಲಿರುವ ಪೊರೆ ಸಸ್ಯದ್ದಲ್ಲ, ಪಾಲಿಅಮೈಡ್ ಎಂಬ ಕೃತಕ ವಸ್ತುವಿನದು. 1970ರ ದಶಕದ ಕೊನೆಗೆ ಬಂದ ಅದು ಕಡಮೆ ಒತ್ತಡದಲ್ಲಿ ಹೆಚ್ಚು ನೀರು ಕೊಡುತ್ತದೆ. ಅಸಿಟೇಟ್ ಪೊರೆಯನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಪಾಲಿಅಮೈಡಿಗೆ ಕ್ಲೋರಿನ್ ಸೋಂಕಿದರೆ ಆಗದು. ಒಂದೊಂದಕ್ಕೂ ಅದರದರ ಕೊರತೆಯುಂಟು. ಆದರೆ ಹಳೆಯದಾದ ಕೃತಕ ಪೊರೆಯ ಸುರುಳಿ ಮಣ್ಣಿನಲ್ಲಿ ಮಣ್ಣಾಗುವುದಿಲ್ಲವಾದ್ದರಿಂದ ಲೋಕದ ಪ್ರಯೋಗಶಾಲೆಗಳು ಮತ್ತೆ ಸಸ್ಯದ ಕಡೆಗೆ ತಿರುಗಿವೆ. ಕಬ್ಬಿನ ಸಿಪ್ಪೆ, ಬಾಳೆಯ ನಾರು, ಹತ್ತಿಯ ಚೂರು, ಎಲ್ಲವನ್ನೂ ಪರೀಕ್ಷಿಸಿ ನೋಡುತ್ತಿದ್ದಾರೆ. ಕಂಪ್ಲಿಯ ಕಬ್ಬು, ಕಮಲಾಪುರದ ಬಾಳೆ ಕಂಡವರಿಗೆ ಇದೊಂದು ಆಸೆಯ ಮಾತು. ಆದರೆ ಅದಿನ್ನೂ ಹಳ್ಳಿಯ ನಲ್ಲಿಯವರೆಗೆ ಬಂದಿಲ್ಲ.

ಈಗ ನಮ್ಮ ಸೀಮೆಯ ಮಾತಿಗೆ ಬರೋಣ. ಹಂಪೆಯ ಶಿಲ್ಪಿಗಳಿಗೆ ಕಲ್ಲು ಕೊಟ್ಟ ಈ ಗ್ರಾನೈಟ್ ನೆಲದ ಆಳದಲ್ಲಿ ಫ್ಲೋರೈಡ್ ಇರುವ ಖನಿಜಗಳೂ ಉಂಟು. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ; ಎಷ್ಟೋ ಕಡೆ ಕೊಳವೆಬಾವಿ ಆಳಕ್ಕಿಳಿದಂತೆ ಫ್ಲೋರೈಡೂ ಹೆಚ್ಚುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಚೆನ್ನ, ಬೇರೆ ನೀರಿಲ್ಲದಾಗ 1.5ರವರೆಗೆ ಸಹಿಸಬಹುದೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದುಬಣ್ಣದ ಪಟ್ಟೆ ಮೂಡುತ್ತದೆ. ಇನ್ನೂ ಹೆಚ್ಚಾದರೆ ಬೆನ್ನು, ಮಂಡಿ ಸೆಡೆತು ಮನುಷ್ಯ ಬಗ್ಗಲಾರದೆ ಹೋಗುತ್ತಾನೆ. ಭಾರತದಲ್ಲಿ ಈ ರೋಗವನ್ನು ವೈದ್ಯರು ಮೊದಲು ಗುರುತಿಸಿದುದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಎಷ್ಟೋ ಊರಿನವರಿಗೆ ಇದು ಹೊಸತಲ್ಲ. ಆ ನೀರು ನೋಡಲು ಸ್ಫಟಿಕ. ಬಟ್ಟೆಯಲ್ಲಿ ಸೋಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯುತ್ತದೆ. ಕಾಯಿಸಿದರೆ ರೋಗಾಣು ಸಾಯುವುದೇ ಹೊರತು ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವೇ ಆಗುತ್ತದೆ. ಕೆಂಧೂಳಿಗೆ ಹೆದರುವ ನಾವು ಈ ತಿಳಿನೀರಿಗೆ ಹೆದರುವುದಿಲ್ಲ.

ಆದುದರಿಂದ ಅಂಥ ಊರುಗಳಿಗೆ ಶುದ್ಧನೀರಿನ ಘಟಕಗಳು ಬಂದುದು ಒಳ್ಳೆಯದೇ ಆಯಿತು. ಹೆಸರು ಬೇಡ, ನಮ್ಮ ಕಡೆಯ ಒಂದು ಹಳ್ಳಿ. ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿಕೊಳ್ಳುತ್ತಿದ್ದ ಮುದುಕಿಯೊಬ್ಬಳಿಗೆ ನಾನು ಈ ಪೊರೆಯ ಮಹಿಮೆಯನ್ನು ಮೇಷ್ಟರ ಗತ್ತಿನಲ್ಲಿ ವಿವರಿಸಿದೆ. ಅವಳು ಎಲ್ಲವನ್ನೂ ಕೇಳಿ, "ಹಂಗಾರ ನೀರಿನ್ಯಾಗಿಂದ ತಗದಿದ್ದು ಎಲ್ಲಿಗೆ ಹೋಗ್ತೈತ್ರಿ ಯಪ್ಪಾ?" ಎಂದಳು. ಉತ್ತರ ಘಟಕದ ಹಿಂದುಗಡೆಯೇ ಇತ್ತು. ಗೋಡೆಯಿಂದ ಹೊರಚಾಚಿದ ಕೊಳವೆಯೊಂದರಿಂದ ನೀರು ಸುರಿದು ಹಳ್ಳ ಮಾಡಿಕೊಂಡು ಹರಿಯುತ್ತಿತ್ತು. ಎರಡು ಎಮ್ಮೆಗಳು ಅದನ್ನು ಕುಡಿಯುತ್ತಿದ್ದುವು.

ಲೆಕ್ಕ ಸುಲಭವಾದುದು. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡಿರುವ ನೀರು ಘಟಕಕ್ಕೆ ಹೋಗಿ, ಅರ್ಧಭಾಗ ಶುದ್ಧವಾಗಿ ಬಂತೆನ್ನಿ. ಉಳಿದರ್ಧದಲ್ಲಿ ಲೀಟರಿಗೆ 6 ಮಿಲಿಗ್ರಾಮಿನ ಹತ್ತಿರ ಇರಲೇಬೇಕು. ಪೊರೆ ಏನನ್ನೂ ಕೊಲ್ಲುವುದಿಲ್ಲ, ಸುಡುವುದಿಲ್ಲ. ಬೇರೆ ಮಾಡುತ್ತದೆ, ಅಷ್ಟೆ. ಬೇರೆ ಮಾಡಿದುದನ್ನು ಎಲ್ಲಿಡಬೇಕೆಂಬುದು ಪೊರೆಯ ಕೆಲಸವಲ್ಲ, ನಮ್ಮ ಕೆಲಸ. ಅದನ್ನು ಬಾವಿಯ ಪಕ್ಕದಲ್ಲೇ ಹರಿಯಬಿಟ್ಟರೆ ತೆಗೆದುದನ್ನು ಮತ್ತೆ ನೆಲಕ್ಕೆ ಕೊಟ್ಟು, ನಾಳೆ ಮತ್ತೆ ಎತ್ತಿ, ಮತ್ತೆ ತೆಗೆಯುತ್ತಿರುತ್ತೇವೆ.

ಈ ಮಾತು ನಾರಿಗೂ ಅನ್ವಯಿಸುತ್ತದೆ. ಹೊಸಪೇಟೆಯ ಜಲಾಶಯಕ್ಕೆ ಬರುವ ತುಂಗಭದ್ರೆಯ ದಂಡೆಯ ಮೇಲೆ, ಹರಿಹರದ ಎದುರಿನ ಕುಮಾರಪಟ್ಟಣದಲ್ಲಿ, 1970ರ ದಶಕದಿಂದ ಮರದ ತಿರುಳನ್ನು ತಯಾರಿಸುವ ಕಾರ್ಖಾನೆಯಿದೆ. ನೀಲಗಿರಿಯಂಥ ಮರಗಳಿಂದ ಸೆಲ್ಯುಲೋಸನ್ನು ಬಿಡಿಸಿ ರೇಯಾನ್ ನೂಲಿಗೆ ಒದಗಿಸುವುದು ಅಲ್ಲಿನ ಉದ್ಯಮ. ಶುದ್ಧವಾದ ನಾರು ಬೇಕಾದರೆ ಮರದ ಉಳಿದರ್ಧವನ್ನು ತೆಗೆಯಬೇಕು. ಆ ಉಳಿದರ್ಧ ಎಲ್ಲಿಗೆ ಹೋಗುತ್ತದೆಂಬುದೇ 1980ರ ದಶಕದಲ್ಲಿ ನದಿದಂಡೆಯ ಹಳ್ಳಿಗಳ ದೊಡ್ಡ ಪ್ರಶ್ನೆಯಾಯಿತು. ಮೀನು ಸತ್ತು ತೇಲುತ್ತಿವೆ, ನೀರು ಬಳಸಲಾಗುತ್ತಿಲ್ಲವೆಂದು ಜನ ದೂರಿದರು; ಚಳವಳಿ ನಡೆಯಿತು. ತಿರುಳಿನ ಮರಕ್ಕಾಗಿ ಗೋಮಾಳಗಳಲ್ಲಿ ನೀಲಗಿರಿ ನೆಟ್ಟುದರ ವಿರುದ್ಧ 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹವಾಯಿತು. ಅದೇ ಭೂಮಿಯ ಸಲುವಾಗಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಒಬ್ಬರು. ನೀರನ್ನು ಶುದ್ಧಮಾಡಬಲ್ಲ ನಾರು ತಾನು ಶುದ್ಧವಾಗುವಾಗ ನೀರನ್ನು ಕೆಡಿಸಲೂ ಬಲ್ಲುದು. ನಾಳೆ ಕಬ್ಬಿನ ಸಿಪ್ಪೆಯಿಂದ ಪೊರೆ ಮಾಡುವವರು ಈ ಪಾಠವನ್ನು ಮರೆಯಲಾಗದು.

ಹಾಗಾದರೆ ನಾವು ಮಾಡಬಹುದಾದುದೇನು? ಮೊದಲು, ನಮ್ಮ ನೀರಿನಲ್ಲಿ ಏನಿದೆಯೆಂದು ಪರೀಕ್ಷೆ ಮಾಡಿಸಿ ತಿಳಿಯುವುದು. ಲವಣ ಕಡಮೆಯಿರುವ ನೀರಿಗೆ ಆರ್.ಓ. ಬೇಕಾಗಿಲ್ಲ, ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಮೆ ಕರಗಿದ ಲವಣಗಳಿರುವ ಕಡೆ ಅದನ್ನು ನಿಷೇಧಿಸಬೇಕೆಂದು 2019ರಲ್ಲಿ ರಾಷ್ಟ್ರೀಯ ಹಸುರು ನ್ಯಾಯಮಂಡಳಿ ಹೇಳಿತು. ಬೇಕಾದ ಕಡೆ ಘಟಕವಿರಲಿ. ಆದರೆ ಅದರ ಮುಂದೆ ನಿಂತು ಎರಡು ಪ್ರಶ್ನೆ ಕೇಳೋಣ. ಪೊರೆಯನ್ನು ಯಾವಾಗ ಬದಲಿಸಿದಿರಿ? ಉಳಿದ ನೀರನ್ನು ಎಲ್ಲಿಗೆ ಬಿಡುತ್ತಿದ್ದೀರಿ? ಅದನ್ನು ನೆಲ ತೊಳೆಯಲು, ಶೌಚಾಲಯಕ್ಕೆ ಬಳಸಬಹುದು. ದನಕರುಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಬಹುದು. ಆಕಾಶದಿಂದ ಬೀಳುವ ಮಳೆನೀರಿನಲ್ಲಿ ಬಂಡೆಯ ಫ್ಲೋರೈಡ್ ಇರುವುದಿಲ್ಲ. ಧೂಳು ತೊಳೆದುಹೋಗುವಂತೆ ಮೊದಲ ಮಳೆಯನ್ನು ಬಿಟ್ಟು, ಮುಂದಿನದನ್ನು ಹಿಡಿದಿಟ್ಟರೆ, ಅದಕ್ಕೆ ಹಿರಿಯಾಕೆಯ ಸೀರೆಯ ತುಂಡೂ ಕಾಯಿಸುವ ಒಲೆಯೂ ಸಾಕಾದೀತು.

ನನ್ನ ವೃತ್ತಿಯಲ್ಲಿಯೂ ಸೋಸುವ ಕೆಲಸವೊಂದಿತ್ತು. ಹಳೆಯ ಕಾವ್ಯದ ಹತ್ತು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು, ಕವಿಯ ಮಾತಾವುದು, ಲಿಪಿಕಾರನ ತಪ್ಪಾವುದು ಎಂದು ಬಿಡಿಸಿ ಶುದ್ಧಪಾಠವನ್ನು ಸಿದ್ಧಪಡಿಸುವುದು. ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟುಂಟು. ಕೈಬಿಟ್ಟ ಪಾಠವನ್ನು ಎಸೆಯುವ ಹಾಗಿಲ್ಲ. ಪುಟದ ಅಡಿಯಲ್ಲಿ ಅದಕ್ಕೊಂದು ಸ್ಥಳ ಕೊಟ್ಟು, ಯಾವ ಪ್ರತಿಯದೆಂದು ಗುರುತು ಹಾಕಬೇಕು. ಮೇಲಿನ ಪಾಠಕ್ಕೆ ಗೌರವ ಬರುವುದು ಕೆಳಗಿನ ಆ ಲೆಕ್ಕ ಸರಿಯಾಗಿದ್ದರೆ ಮಾತ್ರ. ನಲವತ್ತು ವರ್ಷ ಇದನ್ನು ಪಾಠ ಹೇಳಿದ ನನಗೆ, ಕ್ಯಾನು ಹಿಡಿದು ನಿಂತಿದ್ದ ಆ ಮುದುಕಿಗೆ ಅಂದು ಕೊಡಲು ಉತ್ತರವಿರಲಿಲ್ಲ.

(ಆಕಾಶವಾಣಿ ಭಾಷಣ)